ಹೆಗಲು ಬಂತು, ತಲೆ ಬರಲಿಲ್ಲ

ಕೂತುಕೊಂಡು ಓದಿ. ನಿಂತು ಓದಿ ಬಿದ್ದುಗಿದ್ದರೆ ನಾನು ಜವಾಬ್ದಾರನಲ್ಲ. ಯಾಕೆಂದರೆ ಇದನ್ನು ಬರೆಯುತ್ತಿರುವವನು ಸಾಮಾನ್ಯ ಆಸಾಮಿಯಲ್ಲ. ದೊಡ್ಡಾಸ್ಪತ್ರೆಯಲ್ಲಿ, ಬಿಳಿ ಕೋಟಿನವರ ನಡುವೆ, ಎಕ್ಸ್‌ರೇಯೇ ಮೋಸ ಹೋಗಿದ್ದ ಹೊತ್ತಿನಲ್ಲಿ, ಹತ್ತು ಲಕ್ಷಕ್ಕೊಬ್ಬರಿಗೆ ಬರುವ ಮೂಳೆ ಕಾಯಿಲೆಯನ್ನು ಬರಿಗೈಯಲ್ಲಿ ಹಿಡಿದುಕೊಟ್ಟ ಗಂಡು ನಾನು. ಬರಿಗೈ ಕೂಡ ಅಲ್ಲ, ಬರೀ ಹೆಗಲು. ಓದಿದ್ದು ಹತ್ತನೇ ಕ್ಲಾಸು, ಅದೂ ಎರಡು ಶೋ. ಮೊದಲನೆಯದು ಫ್ಲಾಪು.

ಕೆಲಸ ಥಿಯೇಟರಿನಲ್ಲಿ ಟಿಕೆಟ್ ಹರಿಯುವುದು. ಬಾಗಿಲಲ್ಲಿ ನಿಂತು ಅರ್ಧ ಚೀಟಿ ನಿಮ್ಮ ಕೈಗೆ, ಅರ್ಧ ಡಬ್ಬಿಗೆ. ಆಟ ಶುರುವಾದ ಮೇಲೆ ಒಳಗೆ ಕತ್ತಲಲ್ಲಿ ನಿಂತು ಅದೇ ಸಿನಿಮಾ ಅದೇ ಡೈಲಾಗು ದಿನಾ ಕೇಳಿದರೆ ಮನುಷ್ಯ ಏನಾಗುತ್ತಾನೆ? ನನ್ನ ಹಾಗಾಗುತ್ತಾನೆ. ಅಮ್ಮ ಊಟಕ್ಕೆ ಕರೆದರೂ ಬಾಗಿಲಿಗೆ ಒರಗಿ, ಕಾಲಿನ ಮೇಲೆ ಕಾಲು ಹಾಕಿ, "ಹಸಿವು ನನ್ನನ್ನು ಹುಡುಕಿಕೊಂಡು ಬರಬೇಕು, ನಾನು ಹೋಗಲ್ಲ" ಅನ್ನುತ್ತೇನೆ. ಅಮ್ಮ "ಹಾಗಾದ್ರೆ ತಟ್ಟೆ ಎತ್ತಿಡ್ತೀನಿ" ಅಂದ ತಕ್ಷಣ ಓಡುತ್ತೇನೆ.

ಎಲ್ಲರೂ ನನ್ನನ್ನು ಸ್ಪ್ರಿಂಗ್ ಅಂತಾರೆ. ಯಾಕೆಂದರೆ ನನ್ನ ಹತ್ತಿರ ಒಂದು ಐಟಂ ಇದೆ. ಎರಡೂ ಹೆಗಲನ್ನು ಮುಂದಕ್ಕೆ ತಂದು, ಗದ್ದದ ಕೆಳಗೆ ಒಂದಕ್ಕೊಂದು ತಾಗಿಸುತ್ತೇನೆ. ಪುಸ್ತಕ ಮುಚ್ಚಿದ ಹಾಗೆ. ನೀವು ಮಾಡಿ ನೋಡಿ. ಆಗಲ್ಲ, ಬಿಡಿ, ಕತ್ತು ಉಳುಕೀತು. ಶಾಲೆಯಲ್ಲಿ ಇದನ್ನು ತೋರಿಸಿಯೇ ನಾನು ಪೆನ್ಸಿಲ್ ಸಂಪಾದಿಸಿದ್ದು. ಮುಚ್ಚಿದ ಗೇಟಿನ ಸಂದಿಯಲ್ಲಿ ನುಗ್ಗಿ ಎಷ್ಟೋ ಹೊಸ ಸಿನಿಮಾಗಳನ್ನು ಪುಕ್ಕಟೆ ನೋಡಿದ್ದೇನೆ. ನನ್ನ ಈಗಿನ ಮಾಲೀಕರು ಇದನ್ನು ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಇದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಅಮ್ಮ ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಮಷಿನ್ನು, ಗೋಡೆ ತುಂಬ ಮೊಳೆಗೆ ನೇತುಹಾಕಿದ ಕಾಗದದ ಅಳತೆಗಳು. "ನಮ್ಮ ಮನೆಯವರದ್ದು ಜಾರು ಹೆಗಲು" ಅಂತ ಅವಳ ತೀರ್ಮಾನ. ಅಕ್ಕನ ಬ್ಯಾಗು ಜಾರುತ್ತದೆ, ನನ್ನ ಅಂಗಿ ಜಾರುತ್ತದೆ, ಅಮ್ಮನ ಶಾಲು ಜಾರುತ್ತದೆ. ಅದಕ್ಕೆ ಅಮ್ಮ ನಮ್ಮ ಮನೆ ಬಟ್ಟೆಗೆಲ್ಲ ಹೆಗಲ ಒಳಗಡೆ ಒಂದು ಪಟ್ಟಿ, ಅದಕ್ಕೊಂದು ಟಿಚ್ ಬಟನ್ ಹಾಕಿಯೇ ಹೊಲಿಯುತ್ತಾಳೆ. ಬೇರೆ ಗಿರಾಕಿಗಳಿಗೆ ಇಲ್ಲ. ಅದು ನಮ್ಮ ಮನೆ ಫ್ಯಾಷನ್ನು.

ಅಕ್ಕನಿಗೆ ಮಗು ಹುಟ್ಟಿ ಕೆಲವು ತಿಂಗಳಾಗಿತ್ತು. ಅತ್ತರೆ ಒಂದೇ ಸ್ವರ, ಉದ್ದಕ್ಕೆ, ಕಿವಿಗೆ ಕೊರೆಯುವ ಹಾಗೆ. ಹಾಗಾಗಿ ನಾನು ಇಟ್ಟ ಹೆಸರು ಪಿಟೀಲು. ಭಾವನಿಗೆ ಆ ಹೆಸರು ಇಷ್ಟವಿಲ್ಲ. ಭಾವ ಗಾಜಿನ ಅಂಗಡಿಯವರು. ಕಿಟಕಿಗೆ, ಕನ್ನಡಿಗೆ ಗಾಜು ಕತ್ತರಿಸುವ ಕೈ, ನಡೆದರೂ ಏನೋ ಒಡೆದೀತೆಂಬ ಹಾಗೆ ನಡೆಯುತ್ತಾರೆ. ನಾನು ಮಗುವನ್ನು ಎತ್ತಿಕೊಂಡರೆ ಅವರ ಕಣ್ಣು ನನ್ನ ಕೈಯ ಮೇಲೇ.

ಆ ಸಂಜೆ ಅವರೆಲ್ಲ ನಮ್ಮ ಮನೆಗೆ ಬಂದಿದ್ದರು. ನಾನು ಪಿಟೀಲನ್ನು ಕಂಕುಳಲ್ಲಿ ಹಿಡಿದು ಮೇಲಕ್ಕೆತ್ತಿ, "ದಾರಿ ಬಿಡ್ರೋ! ಹೀರೋ ಎಂಟ್ರಿ!" ಎಂದು ಕೋಣೆ ತುಂಬ ಹಾರಿಸಿದೆ. ಮಗು ಕೇಕೆ ಹಾಕಿತು. ಆಗ ಕೈಯಲ್ಲಿ 'ಟಕ್' ಅಂತ ಏನೋ ಸದ್ದಾಯಿತು. ಸಣ್ಣ ಸದ್ದು. ಮಗು ಅಳಲಿಲ್ಲ. ನಾನೂ ಮರೆತೆ.

ಮಾರನೆಯ ಬೆಳಿಗ್ಗೆ ಭಾವ ಮಗುವಿಗೆ ಸ್ನಾನ ಮಾಡಿಸಿ ಒರೆಸುತ್ತಿದ್ದರಂತೆ. ಗಾಜಿನವರಿಗೆ ಒಂದು ಅಭ್ಯಾಸ. ಯಾವ ಅಂಚು ಕಂಡರೂ ಬೆರಳು ತಾನಾಗಿ ಅದರ ಮೇಲೆ ಓಡುತ್ತದೆ, ಎಲ್ಲಾದರೂ ಸೀಳು ಇದೆಯಾ ಅಂತ. ಹಾಗೆ ಅವರ ಬೆರಳು ಮಗುವಿನ ಕತ್ತಿನ ಬುಡದಿಂದ ಹೆಗಲಿನ ಕಡೆ ಓಡಿತು. ನಡುವೆ ನಿಂತಿತು. ಅಲ್ಲಿ ಏನೂ ಇರಲಿಲ್ಲ. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು, ಅಕ್ಕನನ್ನೂ ಎಳೆದುಕೊಂಡು ನೇರ ನಮ್ಮ ಮನೆಗೆ ಬಂದರು.

"ಅತ್ತೆ, ಇಲ್ಲಿ ಮುಟ್ಟಿ ನೋಡಿ."

ಅಮ್ಮ ಮಷಿನ್ನು ನಿಲ್ಲಿಸಿ ಮುಟ್ಟಿದಳು. "ಏನಾಗಿದೆ? ಸರಿಯಾಗೇ ಇದೆಯಲ್ಲ."

"ಮೂಳೆ ಸಿಗ್ತಿಲ್ಲ ಅತ್ತೆ. ಮಧ್ಯದಲ್ಲಿ ತುಂಡಾದ ಹಾಗಿದೆ."

"ದಿನಾ ಗಾಜು ಮುಟ್ಟೀ ಮುಟ್ಟೀ ನಿಮಗೆ ಎಲ್ಲಾ ಒಡೆದ ಹಾಗೇ ಅನ್ನಿಸತ್ತೆ. ಮಕ್ಕಳ ಹೆಗಲು ಹೀಗೇ ಇರೋದು. ಇವಳದ್ದೂ ಹೀಗೇ ಇತ್ತು, ಇವನದ್ದೂ ಹೀಗೇ ಇತ್ತು."

"ನನ್ನಕ್ಕನಿಗೆ ಮೂರು ಮಕ್ಕಳು. ಮೂವರನ್ನೂ ನಾನೇ ಎತ್ತಿ ಆಡಿಸಿದ್ದೀನಿ. ಹೀಗಿರಲ್ಲ ಅತ್ತೆ."

ಅಮ್ಮ ಮಷಿನ್ನಿಗೆ ಬಟ್ಟೆ ಮುಚ್ಚಿ ಎದ್ದಳು. ಆಟೋ ಹಿಡಿದು ಎಲ್ಲರೂ ದೊಡ್ಡಾಸ್ಪತ್ರೆಗೆ ಹೋದೆವು.

ಎಕ್ಸ್‌ರೇ ಬಂತು. ಚಿಕ್ಕ ವಯಸ್ಸಿನ ಡಾಕ್ಟರು ಅದನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿದರು. ನನ್ನ ಅಂಗೈಯಷ್ಟೇ ಎದೆಗೂಡು. ಪಕ್ಕೆಲುಬುಗಳು ಬಾಚಣಿಗೆ ಹಲ್ಲಿನ ಹಾಗೆ. ಡಾಕ್ಟರು ಪೆನ್ನಿನಿಂದ ತೋರಿಸಿದರು.

"ಕಾಲರ್ ಬೋನ್. ಎರಡೂ ಕಡೆ ಮಧ್ಯೆ ಗ್ಯಾಪ್ ಇದೆ. ಮುರಿದ ಹಾಗಿದೆ. ಮಗು ಎಲ್ಲಾದ್ರೂ ಬಿತ್ತಾ? ಯಾರಾದ್ರೂ ಜೋರಾಗಿ ಎಳೆದ್ರಾ?"

"ಇಲ್ಲ" ಎಂದಳು ಅಕ್ಕ.

"ನೋಡಿಮ್ಮ, ಇಷ್ಟು ಸಣ್ಣ ಮಗುಗೆ ಎರಡೂ ಕಡೆ ಸುಮ್ಮನೆ ಮುರಿಯಲ್ಲ. ಇಂಥ ಕೇಸಲ್ಲಿ ನಾವು ಕೇಳಲೇಬೇಕು. ಪೊಲೀಸಿಗೂ ತಿಳಿಸಬೇಕಾಗಬಹುದು. ನಿನ್ನೆ ಮಗು ಯಾರ ಕೈಯಲ್ಲಿತ್ತು?"

ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು. ಭಾವ ತಿರುಗಲೇ ಇಲ್ಲ. ಅದು ಇನ್ನೂ ಕೆಟ್ಟದ್ದು.

ನನ್ನ ಬಾಯಲ್ಲಿ ಸಾವಿರ ಡೈಲಾಗು ಇರುತ್ತದೆ. ಆಗ ಒಂದೂ ಬರಲಿಲ್ಲ. ಕಿವಿಯಲ್ಲಿ ಒಂದೇ ಸದ್ದು. ಟಕ್. ನಾನು ಮಗುವಿನ ಕಾಲು ಮುಟ್ಟಲು ಕೈ ಚಾಚಿದೆ. ಅಕ್ಕ ಮಗುವನ್ನು ಆ ಕಡೆ ತಿರುಗಿಸಿಕೊಂಡಳು.

"ಮುಟ್ಟಬೇಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಿಕ್ಕಂದಿನಿಂದ ಬೈಗುಳ ತಿಂದು ಬೆಳೆದ ದೇಹ. ಅವಳು ಮೆಲ್ಲಗೆ ಹೇಳಿದಳು. ದಾರಿಯಲ್ಲಿ ಹೋಗುವ ಯಾರಿಗೋ ಹೇಳುವ ಹಾಗೆ.

ಮುಖ ತೊಳೆದುಕೊಂಡು ಬರುತ್ತೇನೆ ಎಂದು ಎದ್ದೆ. ಸ್ವಲ್ಪ ಹೊತ್ತಿಗೆ ವಾಪಸ್ ಬಂದೆ. ಈಗ ನನ್ನ ಪಕ್ಕದಲ್ಲಿ ಇನ್ನೊಬ್ಬರು ಡಾಕ್ಟರಮ್ಮ ಇದ್ದರು. ವಯಸ್ಸಾದವರು, ಕನ್ನಡಕ ತಲೆಯ ಮೇಲೆ, ಕೈಯಲ್ಲಿ ಖಾಲಿ ಟೀ ಲೋಟ. ಹುಟ್ಟಿನಿಂದಲೇ, ವಂಶದಿಂದಲೇ ಬರುವ ಕಾಯಿಲೆಗಳನ್ನು ನೋಡುವವರು. ಚಿಕ್ಕ ಡಾಕ್ಟರು ಅವರನ್ನು ಕಂಡ ಕೂಡಲೇ ಎದ್ದು ನಿಂತರು.

"ಎಲ್ಲಿಗೆ ಹೋಗಿದ್ಯೋ?" ಎಂದರು ಭಾವ. "ಕಿವಿ ಯಾಕೆ ಅಷ್ಟು ಕೆಂಪಾಗಿದೆ?"

"ಕೋಪ, ಭಾವ."

ಈಗ ಬಂತು ನೋಡಿ ನನ್ನ ಸೀನು. ಅಕ್ಕನ ಮುಂದೆ ನಿಂತೆ. "ಎಲ್ಲರೂ ಇಲ್ಲಿ ನೋಡಿ" ಎಂದೆ. ಮೇಲಿನ ಗುಂಡಿ ಬಿಚ್ಚಿ, ಅಮ್ಮ ಹೊಲಿದ ಪಟ್ಟಿ ಬಿಡಿಸಿ, ಉಸಿರೆಳೆದು, ಎರಡು ಹೆಗಲನ್ನೂ ಗದ್ದದ ಕೆಳಗೆ ತಂದು ಕೂಡಿಸಿದೆ.

"ಥೂ ನಿನ್ನ! ಈ ಹೊತ್ತಲ್ಲೂ ಸರ್ಕಸ್ಸಾ?" ಭಾವ ನನ್ನ ತೋಳು ಹಿಡಿದರು.

"ಬಿಡಿ ಅವನನ್ನ" ಎಂದರು ಡಾಕ್ಟರಮ್ಮ. "ಸರ್ಕಸ್ ಅಲ್ಲ. ಇದೇ ರಿಪೋರ್ಟು."

ಮಗುವಿನ ನೆತ್ತಿ ಮುಟ್ಟಿದರು. ಆ ಮೆತ್ತನೆ ಜಾಗ ಅವರ ಎರಡು ಬೆರಳಿಗಿಂತ ಅಗಲ ಇತ್ತು. ನನ್ನ ಹಣೆಯ ನಡುವಿನ ತಗ್ಗಿನಲ್ಲಿ ಹೆಬ್ಬೆರಳು ಓಡಿಸಿದರು. ಆ ತಗ್ಗಿನಲ್ಲಿ ನಾನು ನಾಣ್ಯ ನಿಲ್ಲಿಸುತ್ತಿದ್ದೆ, ಅದೂ ಒಂದು ಐಟಂ. ಬಾಯಿ ತೆಗೆಸಿದರು.

"ಇಷ್ಟು ದೊಡ್ಡವನಾಗಿ ಇನ್ನೂ ಹಾಲುಹಲ್ಲು!"

"ಹೌಸ್‌ಫುಲ್ ಮೇಡಂ" ಎಂದೆ. "ಒಳಗೆ ಬಹಳ ಜನ ಕ್ಯೂ ನಿಂತಿದ್ದಾರಂತೆ. ಕೂತವರು ಸೀಟು ಬಿಡ್ತಿಲ್ಲ."

"ಅಮ್ಮಂದು?"

ಅಮ್ಮ ನಾಚಿಕೊಂಡು ಸೆರಗಿನ ಮರೆಯಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು ತೋರಿಸಿದಳು. ಅವಳದ್ದೂ ಅದೇ ಕಥೆ. ಡಾಕ್ಟರಮ್ಮ ಅವಳ ಹೆಗಲು ಮುಟ್ಟಿದರು, ಅಕ್ಕನ ಹೆಗಲು ಮುಟ್ಟಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು.

"ಮಗುವಿನ ಮೂಳೆ ಯಾರೂ ಮುರಿದಿಲ್ಲ. ಅಲ್ಲಿ ಮೂಳೆ ಪೂರ್ತಿ ಬೆಳೆದೇ ಇಲ್ಲ. ಮಗುವಿನ ಅಮ್ಮನಿಗೂ ಅರ್ಧಕ್ಕೇ ನಿಂತಿದೆ. ಅಜ್ಜಿಗೆ, ಮಾವನಿಗೆ ಇಲ್ಲವೇ ಇಲ್ಲ ಅನ್ಸತ್ತೆ. ರಕ್ತ ನೋಡಿ ಖಾತ್ರಿ ಮಾಡ್ಕೊಳ್ಳೋಣ."

ಅಕ್ಕ ಭಾವನ ಕಾಲರ್ ಸರಿಸಿ, ಅವರ ಕತ್ತಿನ ಬುಡದಲ್ಲಿ ಬೆರಳಿಟ್ಟಳು. ಆ ಬೆರಳು ಹೊರಟಿತು. ಹೋಗುತ್ತಲೇ ಇತ್ತು. ಹೆಗಲ ತುದಿಯವರೆಗೂ ಹೋಯಿತು, ಮೆಟ್ಟಿಲಿನ ಕೈಗಂಬಿ ಸವರಿದ ಹಾಗೆ.

"ರೀ... ಇದು ಇಷ್ಟುದ್ದ ಇರತ್ತಾ?"

"ಎಲ್ಲರಿಗೂ ಇರತ್ತೆ ಕಣೇ."

"ಮತ್ತೆ ನನಗೆ ಇಲ್ಲ ಅಂತ ನಿಮಗೆ ಗೊತ್ತಾಗಲಿಲ್ವಾ?"

"ನಾಜೂಕು ಹೆಗಲು ಅಂದ್ಕೊಂಡಿದ್ದೆ." ಭಾವನ ಮುಖ ನೋಡಬೇಕಿತ್ತು ನೀವು.

ಅಮ್ಮನಿಗೆ ಡಾಕ್ಟರಮ್ಮ ತಮ್ಮ ಹೆಗಲನ್ನೇ ಕೊಟ್ಟರು. ಅಮ್ಮ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. "ಅಯ್ಯಯ್ಯೋ, ಒಳಗೆ ಕಂಬಿ ಇಟ್ಟ ಹಾಗಿದೆಯಲ್ಲಮ್ಮ! ಗಿರಾಕಿಗಳಿಗೆಲ್ಲ ಹೀಗೇ ಇರತ್ತೆ. ಪಾಪ, ಸರಿಯಾಗಿ ಊಟ ಮಾಡಲ್ಲ, ಅದಕ್ಕೇ ಮೂಳೆ ಎದ್ದಿದೆ ಅಂದ್ಕೊಂಡಿದ್ದೆ."

ಇಷ್ಟು ವರ್ಷ ಅಳತೆ ಟೇಪು ಹಿಡಿದು ಊರವರ ಹೆಗಲೆಲ್ಲ ಅಳೆದವಳು, ಊರಿಗೆಲ್ಲ ಬಡತನ, ತನ್ನ ಮನೆಗೊಂದೇ ಪುಷ್ಟಿ ಅಂದುಕೊಂಡಿದ್ದಳು.

ನಮ್ಮೆಲ್ಲರ ಎಕ್ಸ್‌ರೇ ಆಯಿತು. ಡಾಕ್ಟರಮ್ಮ ಸಾಲಾಗಿ ಸಿಕ್ಕಿಸಿದರು. ಅಮ್ಮ, ಅಕ್ಕ, ನಾನು, ಕೊನೆಗೆ ಪಿಟೀಲು. ನನ್ನದನ್ನು ನಾನು ನೋಡಿದೆ. ಪಕ್ಕೆಲುಬು ಇದೆ, ತೋಳು ಇದೆ, ನಡುವೆ ಸೇತುವೆಯೇ ಇಲ್ಲ. ಇಷ್ಟು ವರ್ಷ ಈ ಎರಡು ಕೈ ಬರೀ ಮಾಂಸದಲ್ಲಿ ನೇತಾಡಿಕೊಂಡು ಟಿಕೆಟ್ ಹರಿದಿವೆ, ಮಗು ಎತ್ತಿವೆ. ಬಿದ್ದುಹೋಗಿಲ್ಲ. ನನಗೆ ನನ್ನ ಕೈಯ ಮೇಲೆ ಮೊದಲ ಸಲ ಗೌರವ ಬಂತು.

ರಕ್ತ ತೆಗೆಯುವಾಗ ಸೂಜಿ ಕಂಡು, "ಇಂಥ ಸೀನಿಗೆಲ್ಲ ನಮ್ಮಲ್ಲಿ ಡ್ಯೂಪ್ ಹಾಕ್ತಾರೆ ಸಿಸ್ಟರ್" ಎಂದೆ. "ಡ್ಯೂಪ್ ರಜೆ, ಕೈ ಚಾಚು" ಎಂದರು ನರ್ಸಮ್ಮ.

ಫಲಿತಾಂಶಕ್ಕೆ ವಾರಗಟ್ಟಲೆ ಕಾದೆವು. ಆ ದಿನಗಳಲ್ಲಿ ಅಕ್ಕ ನನ್ನ ಜೊತೆ ಮಾತಾಡಿದಳು, ನಕ್ಕಳು. ಆದರೆ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಖಾತ್ರಿ ಆಗಲಿ ಅಂತ ಇಬ್ಬರೂ ಹೇಳದೇ ಒಪ್ಪಿಕೊಂಡ ಹಾಗಿತ್ತು. ಆ ಟಕ್ ಇನ್ನೂ ನನ್ನ ಕಿವಿಯಲ್ಲೇ ಇತ್ತು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಸಿನಿಮಾ ಪರದೆ ನೋಡಿ ಬೆಳೆದವನು ನಾನು, ಆದರೆ ಇಂಥದ್ದನ್ನು ನೋಡಿರಲಿಲ್ಲ. ನಾಲ್ಕೇ ಅಕ್ಷರ, ನಾಲ್ಕು ಬಣ್ಣ. ಅವೇ ಅದಲು ಬದಲಾಗಿ ಸಾಲು ಸಾಲು, ಮುಗಿಯುವುದೇ ಇಲ್ಲ.

"ಇದೆಲ್ಲ ಏನು ಮೇಡಂ?"

"ನೀನು."

"ಪೂರ್ತಿ ಎಷ್ಟು ಅಕ್ಷರ?"

"ಮುನ್ನೂರು ಕೋಟಿ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಕ್ಷರಕ್ಕೊಂದು ಟಿಕೆಟ್ ಅಂತ, ಊಟ ನಿದ್ದೆ ಇಲ್ಲದೆ ನಿಂತು ಹರಿದರೂ ನನ್ನ ಇಡೀ ಜನ್ಮ ಸಾಲದು. ಅಷ್ಟು ಜನ ನನ್ನೊಳಗೆ ಬಂದು ಕೂತಿದ್ದಾರೆ. ಡಾಕ್ಟರಮ್ಮ ಪೆನ್ನಿನ ತುದಿಯನ್ನು ಒಂದೇ ಒಂದು ಅಕ್ಷರದ ಮೇಲೆ ಇಟ್ಟರು.

"ಇದು. ಇದೊಂದೇ ಬೇರೆ. ಮೂಳೆ ಕಟ್ಟು ಅಂತ ಹೇಳೋ ಜಾಗದಲ್ಲಿ ಇದೆ. ಅಮ್ಮನಲ್ಲೂ ಇದೇ, ಅಕ್ಕನಲ್ಲೂ ಇದೇ, ಮಗುವಿನಲ್ಲೂ ಇದೇ."

ಒಂದು ಅಕ್ಷರ. ಅದರಿಂದ ನನ್ನ ಹೆಗಲು, ಅಕ್ಕನ ಜಾರುವ ಬ್ಯಾಗು, ಅಮ್ಮನ ಹಲ್ಲು, ಪಿಟೀಲಿನ ನೆತ್ತಿ. ನನಗೆ ಮೈ ಜುಮ್ಮೆಂದಿತು. ಯಾವ ಹಿನ್ನೆಲೆ ಸಂಗೀತವೂ ಇರಲಿಲ್ಲ. ಫ್ಯಾನಿನ ಸದ್ದು ಮಾತ್ರ.

"ಅರ್ಥ ಆಗಲಿಲ್ಲಮ್ಮ" ಎಂದಳು ಅಮ್ಮ.

"ನೀವು ಒಂದೇ ಥರದ ಹತ್ತು ಅಂಗಿ ಹೇಗೆ ಕತ್ತರಿಸ್ತೀರಿ?"

"ಕಾಗದದ ಅಳತೆ ಇರತ್ತಲ್ಲ, ಅದನ್ನಿಟ್ಟು."

"ಆ ಕಾಗದದಲ್ಲೇ ಒಂದು ಕಡೆ ಕತ್ತರಿ ತಾಗಿದ್ದರೆ?"

"ಎಲ್ಲಾ ಅಂಗೀಲೂ ಅದು ಬರತ್ತೆ."

"ಅಷ್ಟೇ. ಪ್ರತಿಯೊಬ್ಬರ ಹತ್ರ ಎರಡು ಕಾಗದ ಇರತ್ತೆ. ಒಂದು ಅಮ್ಮಂದು, ಒಂದು ಅಪ್ಪಂದು. ಮಗು ಹುಟ್ಟುವಾಗ ನಾವು ಎರಡರಲ್ಲಿ ಒಂದನ್ನ ಕಣ್ಣುಮುಚ್ಚಿ ಕೊಡ್ತೀವಿ. ಯಾವುದು ಹೋಗತ್ತೆ ಅನ್ನೋದು ನಮ್ಮ ಕೈಲಿಲ್ಲ."

"ಹಾಗಾದ್ರೆ ಇವರಿಬ್ಬರಿಗೂ ನಾನೇ ಕೊಟ್ಟೆ." ಅಮ್ಮನ ಕಣ್ಣು ತುಂಬಿತು.

"ನಿಮಗೆ ಯಾರೋ ಕೊಟ್ಟಿರಬೇಕಲ್ಲ. ನಿಮ್ಮಮ್ಮನ ಹೆಗಲು ಹೇಗಿತ್ತು, ನೆನಪಿದೆಯಾ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಅಮ್ಮ ತೀರಿಕೊಂಡಾಗ ಅವಳು ಚಿಕ್ಕ ಹುಡುಗಿ. ನಮ್ಮ ಮನೆಯಲ್ಲಿ ಆ ಅಜ್ಜಿಯದ್ದು ಒಂದು ಫೋಟೊ ಕೂಡ ಇಲ್ಲ, ಒಂದು ಪಾತ್ರೆ ಕೂಡ ಇಲ್ಲ.

"ಮುಖ ನೆನಪಿಲ್ಲಮ್ಮ" ಎಂದಳು. "ಎತ್ತಿಕೊಂಡಾಗ ಅವಳ ಹೆಗಲ ಮೇಲೆ ತಲೆ ಇಟ್ಟರೆ ಜಾರ್ತಿತ್ತು. ನಿಲ್ತಾನೇ ಇರಲಿಲ್ಲ. ಅವಳು ಕೈ ಅಡ್ಡ ಇಟ್ಕೊಳ್ತಿದ್ಲು. ಅದೊಂದೇ ನೆನಪು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಮ್ಮ ಎದ್ದು ಪರದೆಯ ಹತ್ತಿರ ಹೋದಳು. ಮಷಿನ್ನಿನ ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಅದರಿಂದ ಆ ಅಕ್ಷರವನ್ನು ಮುಟ್ಟಿದಳು, ಒತ್ತಿದರೆ ಅಳಿಸಿಹೋದೀತು ಎಂಬ ಹಾಗೆ.

"ಅಮ್ಮಂದು ಏನೂ ಉಳೀಲಿಲ್ಲ ಅಂದ್ಕೊಂಡಿದ್ದೆ. ಇಲ್ಲಿದ್ದಾಳಲ್ಲ."

ಆ ಅಜ್ಜಿಗೆ ಯಾರು ಕೊಟ್ಟರೋ, ಅವರಿಗೆ ಯಾರೋ. ಹೆಸರಿಲ್ಲ, ಮುಖವಿಲ್ಲ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರುತ್ತಾ ಆ ಅಕ್ಷರ ಬೀಳದೆ ಇಲ್ಲಿಯವರೆಗೆ ಬಂದಿದೆ. ಅದನ್ನು ಒಳಗಿಟ್ಟುಕೊಂಡು ನಾನು ಪೆನ್ಸಿಲ್ ಸಂಪಾದಿಸುತ್ತಿದ್ದೆ.

ಭಾವ ಮಗುವಿನ ತಲೆ ಸವರಿದರು. "ಮೇಡಂ, ಇವನು... ಒಡೀತಾನಾ?"

"ನಿಮ್ಮ ಮಗ ಗಾಜಲ್ಲ" ಎಂದರು ಡಾಕ್ಟರಮ್ಮ. "ಓಡ್ತಾನೆ, ಓದ್ತಾನೆ, ನಿಮ್ಮ ತಲೆ ತಿಂತಾನೆ. ನೆತ್ತಿ ಕೂಡೋದು ನಿಧಾನ, ತಲೆಗೆ ಪೆಟ್ಟು ಬೀಳದ ಹಾಗೆ ನೋಡ್ಕೊಳ್ಳಿ. ಹಲ್ಲು, ಕಿವಿ ಆಗಾಗ ತೋರಿಸ್ತಿರಿ. ಮೊದಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಅಜ್ಜಿಯ ಹಲ್ಲಿನ ಗತಿ ಇವನಿಗೆ ಬರಲ್ಲ."

"ಇನ್ನೊಂದು ಮಗು ಆದ್ರೆ?" ಅಕ್ಕ ಕೇಳಿದಳು.

"ಅರ್ಧಕ್ಕರ್ಧ. ಬಂದರೂ ಬಂತು, ಇಲ್ಲದಿದ್ರೂ ಇಲ್ಲ. ಆ ಹೊತ್ತಿಗೆ ನನ್ನ ಹತ್ರ ಬನ್ನಿ, ಕೂತು ಮಾತಾಡೋಣ."

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಅಕ್ಕ ಮಗುವಿನ ಅಂಗಿ ಸರಿಮಾಡುತ್ತಿದ್ದಳು. ಅಮ್ಮ ಹೊಲಿದ ಪುಟ್ಟ ಪಟ್ಟಿ, ಪುಟ್ಟ ಟಿಚ್ ಬಟನ್. ಅವಳು ಅದನ್ನು ಎಳೆದಳು. ಟಕ್.

ನಾನು ಬೆಚ್ಚಿಬಿದ್ದೆ. "ಅಕ್ಕಾ, ಇನ್ನೊಂದ್ಸಲ ಮಾಡು."

"ಏನನ್ನ?"

"ಆ ಬಟನ್."

ಹಾಕಿ ಬಿಚ್ಚಿದಳು. ಟಕ್. ಅದೇ ಸದ್ದು. ಅದೇ! ನಾನು ಅಲ್ಲೇ ಬೆಂಚಿನ ಮೇಲೆ ಮಡಚಿಕೊಂಡು ನಗಲು ಶುರುಮಾಡಿದೆ. ನಗು ಎಲ್ಲಿ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ. ಅಕ್ಕ ಮಗುವನ್ನು ನನ್ನ ಮಡಿಲಲ್ಲಿ ಇಟ್ಟಳು.

"ಹಿಡ್ಕೋ. ನಿನ್ನ ಥರಾನೇ ಇದ್ದಾನೆ. ಕರ್ಮ."

ಪಿಟೀಲು ನನ್ನ ಹೆಗಲ ಮೇಲೆ ತಲೆ ಇಟ್ಟಿತು. ಜಾರಿತು. ನಾನು ಕೈ ಅಡ್ಡ ಇಟ್ಟೆ.

ಇಲ್ಲಿಗೆ ಪರದೆ ಎಳೆದಿದ್ದರೆ ನಾನು ಹೀರೋ ಆಗಿಯೇ ಉಳಿಯುತ್ತಿದ್ದೆ. ಮನೆಯಲ್ಲಿ ಎಲ್ಲರೂ ಹಾಗೇ ನಂಬಿದ್ದಾರೆ. ಅಕ್ಕ ಈಗಲೂ ಬಂದವರ ಮುಂದೆ "ನನ್ನ ತಮ್ಮ ಅವತ್ತು ಎದ್ದು ನಿಂತು ತೋರಿಸದೇ ಇದ್ದಿದ್ರೆ" ಅಂತ ಶುರುಮಾಡುತ್ತಾಳೆ. ಆದರೆ ಮುಖ ತೊಳೆಯಲು ಹೋದೆ ಅಂದೆನಲ್ಲ, ಅಲ್ಲಿ ಒಂದು ರೀಲು ಕತ್ತರಿಸಿದ್ದೇನೆ. ಈಗ ಹಾಕುತ್ತೇನೆ.

ನಾನು ಮುಖ ತೊಳೆಯಲು ಹೋಗಲಿಲ್ಲ. ಓಡಿಹೋಗುತ್ತಿದ್ದೆ.

ಕಾರಿಡಾರಿನ ಕೊನೆಯಲ್ಲಿ ಗಂಡಸರ ಕೊಠಡಿ, ಹಿಂಗೋಡೆಗೆ ಕಂಬಿ ಹಾಕಿದ ಕಿಟಕಿ, ಆಚೆಗೆ ಸೈಕಲ್ ಸ್ಟ್ಯಾಂಡು. ಮಗುವನ್ನು ಮುರಿದವನು ಆ ಮನೆಗೆ ಯಾವ ಮುಖ ಹೊತ್ತುಕೊಂಡು ಹೋಗುತ್ತಾನೆ? ಎಲ್ಲಾದರೂ ಹೋಗಿಬಿಡೋಣ ಎಂದುಕೊಂಡು ಕಂಬಿಗಳ ಸಂದಿಗೆ ಕಾಲು ತೂರಿಸಿದೆ. ಕಾಲು ಹೋಯಿತು, ಸೊಂಟ ಹೋಯಿತು, ಹೆಗಲನ್ನು ಕೂಡಿಸಿದೆ, ಹೆಗಲೂ ಹೋಯಿತು. ತಲೆ ಹೋಗಲಿಲ್ಲ. ಎರಡು ಕಿವಿಯ ಹತ್ತಿರ ಕಂಬಿ ಕಚ್ಚಿಕೊಂಡಿತು. ದೇಹ ಹೊರಗೆ, ತಲೆ ಒಳಗೆ. ಕಾಲಿನ ತುದಿ ಯಾರದೋ ಸೈಕಲ್ ಸೀಟಿಗೆ ತಾಗಿತ್ತು, ಅಷ್ಟೇ ಆಸರೆ.

ಹೊರಗೆ ಡಾಕ್ಟರಮ್ಮ ಟೀ ಕುಡಿಯುತ್ತಾ ನಿಂತಿದ್ದರು. ಗೋಡೆಯಿಂದ ತಲೆಯಿಲ್ಲದ ಹುಡುಗನೊಬ್ಬ ಹೊರಬಂದದ್ದನ್ನು ನೋಡಿದರು. ಕಿರುಚಲಿಲ್ಲ.

"ಹಾಗೇ ಇರು, ಅಲ್ಲಾಡಬೇಡ" ಎಂಬ ಧ್ವನಿ ಕೇಳಿಸಿತು. ಆಮೇಲೆ ಎರಡು ಬೆರಳು ನನ್ನ ಕತ್ತಿನ ಬುಡಕ್ಕೆ ಬಂದು ಏನನ್ನೋ ಹುಡುಕಿದವು. ಆ ಕಡೆ, ಈ ಕಡೆ. ತುಂಬ ಮೆಲ್ಲಗೆ. "ಯಾಕಪ್ಪ ಓಡ್ತಿದ್ದೀಯ?"

"ಅಕ್ಕನ ಮಗುವಿನ ಮೂಳೆ ಮುರಿದುಬಿಟ್ಟೆ ಮೇಡಂ. ಕಾಲರ್ ಬೋನ್. ಎರಡೂ." ನಾನು ಒಳಗಿನ ವಾಶ್ ಬೇಸಿನ್ನಿಗೆ ಹೇಳಿ ಅತ್ತೆ.

ಹೊರಗಿನ ಬೆರಳು ಅಲ್ಲೇ ನಿಂತಿತು.

"ನಿನ್ನ ಅಕ್ಕನ ಮಗು ಅಂದ್ಯಾ? ಹಾಗಾದ್ರೆ ಮುರಿಯೋಕೆ ಅಲ್ಲಿ ಏನಿದೆಯೋ ಮರಿ?"

ಜವಾನನನ್ನು ಕರೆಸಿ, ಕಿವಿಗೆ ಸೋಪಿನ ನೀರು ಬಿಟ್ಟು, ಹೇಗೋ ನನ್ನನ್ನು ಒಳಕ್ಕೇ ತಳ್ಳಿದರು. ಕಾರಿಡಾರಿನಲ್ಲಿ ನಡೆಯುವಾಗ, "ಅಲ್ಲಿ ಹೋಗಿ ನೀನೇ ತೋರಿಸು. ಕಿಟಕಿ ವಿಷಯ ನಾನು ಹೇಳಲ್ಲ" ಅಂದರು. ಇವತ್ತಿನವರೆಗೂ ಹೇಳಿಲ್ಲ.

ಫಲಿತಾಂಶದ ದಿನ ನಾನು ಅವರನ್ನು ಗುಟ್ಟಾಗಿ ಕೇಳಿದೆ. "ಮೇಡಂ, ತಲೆ ದಪ್ಪ ಇರೋದೂ ಅದರಿಂದಾನಾ?"

"ಅದರಿಂದಾನೇ" ಎಂದು ನಕ್ಕರು.

ಈಗ ನಿಜ ಗೊತ್ತಾಯಿತಲ್ಲ? ಕಾಯಿಲೆ ಹಿಡಿದುಕೊಟ್ಟ ಗಂಡು ನಾನಲ್ಲ. ಅದೇ ನನ್ನನ್ನು ಹಿಡಿದುಕೊಟ್ಟಿತು. ಹೆಗಲನ್ನು ಹೊರಗೆ ಬಿಟ್ಟ ಅಕ್ಷರವೇ ತಲೆಯನ್ನು ಒಳಗೆ ಹಿಡಿದುಕೊಂಡಿತು. ತಲೆ ಒಂದು ಬೆರಳಷ್ಟು ಸಣ್ಣದಿದ್ದಿದ್ದರೆ ಆ ದಿನ ನಾನು ಓಡಿಹೋಗಿರುತ್ತಿದ್ದೆ.